ಸ್ಪ್ರಿಂಗ್ ಮಾಮನ ಹಿಂದಿನ ಸೀಟು

"ಅಮ್ಮಾ, ಸ್ಪ್ರಿಂಗ್ ತಾತಂಗೆ ಕಾರ್ ಓಡ್ಸೋಕೆ ಬರಲ್ವಾ?"

ಮಗಳಿಗೆ ಸ್ನಾನ ಮಾಡಿಸಿ ತಲೆ ಒರೆಸುತ್ತಿದ್ದೆ. ಟವೆಲ್ಲಿನ ಒಳಗಿನಿಂದ ಬಂದ ಪ್ರಶ್ನೆ ಇದು. ಯಾಕೆ ಹಾಗೆ ಕೇಳ್ತೀಯ ಅಂದರೆ, "ಮತ್ತೆ ಯಾವಾಗ್ಲೂ ಹಿಂದೇನೇ ಕೂತ್ಕೋತಾರಲ್ಲ, ನನ್ನ ಥರ" ಅಂದಳು. ಮುಂದಿನ ಸೀಟು ದೊಡ್ಡವರದು, ಹಿಂದಿನದು ಚಿಕ್ಕವರದು ಎಂದು ಅವಳ ತಲೆಗೆ ತುಂಬಿದವಳು ನಾನೇ. ಆ ಲೆಕ್ಕದಲ್ಲಿ ಅವಳು ತಾತ ಅನ್ನುವ, ತಲೆಗೂದಲೆಲ್ಲ ಬೆಳ್ಳಗಾದ ನಮ್ಮ ಸ್ಪ್ರಿಂಗ್ ಮಾಮ ಇನ್ನೂ ಚಿಕ್ಕವರು.

ಈಗ ಅವಳು ಮಧ್ಯಾಹ್ನದ ನಿದ್ದೆಯಲ್ಲಿದ್ದಾಳೆ. ಒಗೆದ ಬಟ್ಟೆ ಮಂಚದ ಮೇಲೆ ಗುಡ್ಡೆ ಬಿದ್ದಿದೆ. ಮಡಚಲು ಕೂತರೆ ಬರೆಯುವುದು ಹೋಯಿತು, ಬರೆಯಲು ಕೂತರೆ ಮಡಚುವುದು ಹೋಯಿತು. ಬಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಮಾಮನ ಬಗ್ಗೆ ಬರೆದಿಡುತ್ತೇನೆ. ಮಗಳ ಪ್ರಶ್ನೆಗೆ ಉತ್ತರ ತಲೆ ಒಣಗುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಸ್ಪ್ರಿಂಗ್ ಮಾಮ ನಮಗೆ ರಕ್ತಸಂಬಂಧಿಯಲ್ಲ. ಅಪ್ಪನ ಕಾರಿನ ಮೂಲಕ ಆದ ನೆಂಟಸ್ತಿಕೆ. ಮಾರ್ಕೆಟ್ ಹಿಂದಿನ ಓಣಿಯಲ್ಲಿ ಅವರ ಗ್ಯಾರೇಜು. ಎರಡು ಚಿಕ್ಕ ಕಾರು ಒತ್ತೊತ್ತಿ ನಿಂತರೆ ಮೂರನೆಯವನು ಹೊರಗೆ ಹಾರ್ನ್ ಹೊಡೆಯುತ್ತ ನಿಲ್ಲಬೇಕು, ಅಷ್ಟು ಜಾಗ. ಗೋಡೆಗೆ ಮೊಳೆ ಹೊಡೆದು ಸ್ಪ್ರಿಂಗುಗಳನ್ನು ದಪ್ಪ, ಸಣ್ಣ, ಉದ್ದ, ಗಿಡ್ಡ ಎಂದು ಸಾಲಾಗಿ ನೇತುಹಾಕಿದ್ದಾರೆ. ಕಾಲಿಟ್ಟರೆ ರಬ್ಬರು ಮತ್ತು ಸೀಮೆಎಣ್ಣೆಯ ವಾಸನೆ. ಮೇಲೆಯೇ ಮನೆ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಅಡುಗೆಮನೆಯ ಕಿಟಕಿ ನೇರವಾಗಿ ಕೆಳಗಿನ ಅಂಗಳಕ್ಕೆ ತೆರೆಯುತ್ತದೆ. ಮಾಮನ ಹೆಂಡತಿ ಕಿಟಕಿಯ ಸರಳಿಗೆ ಚಮಚದಿಂದ ಬಡಿದರೆ ಊಟ ರೆಡಿ ಎಂದರ್ಥ. ಕಾರಿನಡಿ ಮಲಗಿರುವ ಮಾಮ ನಟ್ಟು ಬಿಚ್ಚುವ ಪಾನದಿಂದ ಜಾಕಿಗೆ ತಿರುಗಿ ಬಡಿದರೆ, ಬಂದೆ ಎಂದರ್ಥ. ಮಾಮನ ಹೆಂಡತಿಯನ್ನು ನಾವು ಅತ್ತೆ ಅನ್ನುತ್ತೇವೆ. ನನ್ನ ಗಂಡನ ಅಮ್ಮನನ್ನೂ ಅತ್ತೆ ಅನ್ನುವುದರಿಂದ ಮನೆಯಲ್ಲಿ ಅವರು "ಗ್ಯಾರೇಜ್ ಅತ್ತೆ."

ನಾನು ಚಿಕ್ಕವಳಿದ್ದಾಗ ಆ ಗ್ಯಾರೇಜಿನ ಮುಂದೆ ಹುಡುಗರದೇ ಸಾಲು. ಆಗ ಎಲ್ಲರ ಮನೆಯಲ್ಲೂ ಚಿಕ್ಕ ಕಾರು, ಎಲ್ಲ ಹುಡುಗರಿಗೂ ಅದು ರೇಸಿನ ಕಾರಿನಂತೆ ನೆಲಕ್ಕೆ ಅಂಟಿಕೊಂಡಿರಬೇಕು ಎಂಬ ಆಸೆ. ಕಂಪನಿ ಕೊಟ್ಟ ಸ್ಪ್ರಿಂಗ್ ಬಿಚ್ಚಿ ಹೊರಗಿನಿಂದ ತಂದ ಕೆಂಪು, ಹಳದಿ ಬಣ್ಣದ ಗಿಡ್ಡ ಸ್ಪ್ರಿಂಗ್ ಹಾಕಿಸುವುದು, ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿಸುವುದು. ಆ ಕೆಲಸಕ್ಕೆ ಮಾಮನದೇ ಕೈ. ಆದರೆ ಯಾರು ಏನೇ ತಂದುಕೊಟ್ಟರೂ ಅವರ ಮೊದಲ ಪ್ರಶ್ನೆ ಒಂದೇ: "ಈ ಕಾರಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂತ್ಕೋತಾರೆ?"

"ನಾನೊಬ್ನೇ ಮಾಮ" ಅನ್ನುತ್ತಿದ್ದ ಹುಡುಗ.

"ಮದುವೆ?"

"ಇನ್ನೂ ಇಲ್ಲ."

"ಹಾಗಾದ್ರೆ ಹಾಕೋಣ. ಮದುವೆ ಆದ್ಮೇಲೆ ಬಿಚ್ಚಿಸೋಕೆ ಇಲ್ಲಿಗೇ ಬಾ."

ಅಪ್ಪ ನಮ್ಮ ಕಾರು ತಂದಾಗಲೂ ಇದೇ ಪ್ರಶ್ನೆ. ಮುಂದೆ ಅಪ್ಪ ಅಮ್ಮ, ಹಿಂದೆ ಅಜ್ಜಿ, ನಾನು, ತಮ್ಮ. ಅಜ್ಜಿ ಎಲ್ಲಿ ಕೂರುತ್ತಾರೆ ಎಂದು ಕೇಳಿ, ಅದೇ ಜಾಗದಲ್ಲಿ ಮಾಮ ಹೋಗಿ ಕೂರುತ್ತಿದ್ದರು. ಗಾಡಿ ಓಡಿಸುವುದು ಅಪ್ಪನ ಕೆಲಸ. ರೈಲ್ವೆ ಗೇಟಿನ ಪಕ್ಕದ ರಸ್ತೆಯಲ್ಲಿ ಒಂದು ಸುತ್ತು: ತೇಪೆ ಹಾಕಿದ ಡಾಂಬರು, ಒಂದು ದೊಡ್ಡ ಹಂಪು, ಆಮೇಲೆ ಕಲ್ಲು ಹಾಸಿದ ಇಳಿಜಾರು. ಮಾಮ ಅಷ್ಟೂ ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಪಕ್ಕದಲ್ಲಿ ಕೂತ ನಾನು, ಪಾಪ ನಿದ್ದೆ ಬಂತು ಅಂದುಕೊಂಡಿದ್ದೆ. ಕಣ್ಣು ತೆರೆಯದೆಯೇ, "ಎಡಗಡೆ ಹಿಂದಿನ ಶಾಕ್ ಸುಸ್ತಾಗಿದೆ, ಬಲಗಡೆಯದಕ್ಕೆ ಇನ್ನೂ ಜೀವ ಇದೆ" ಅನ್ನುತ್ತಿದ್ದರು.

ಶಾಕ್ ಅಂದರೆ ಏನು ಎಂದು ಕೇಳಿದ್ದೆ. ಗೋಡೆಯಿಂದ ಒಂದು ಸ್ಪ್ರಿಂಗ್ ಇಳಿಸಿ ನೆಲಕ್ಕೆ ಒತ್ತಿ ಬಿಟ್ಟರು. ಅದು ಚಿಮ್ಮಿ ಡಬ್ಬಗಳ ಮಧ್ಯೆ ಹೋಗಿ ಬಿತ್ತು.

"ಸ್ಪ್ರಿಂಗ್ ಅಂದ್ರೆ ಕುಣಿಯೋ ಮಗು ಕಣೇ ಪುಟ್ಟಿ. ಶಾಕ್ ಅಂದ್ರೆ ಅದರ ಕೈ ಹಿಡ್ಕೊಂಡಿರೋ ಅಮ್ಮ. ಮಗು ಕುಣೀಬೇಕು, ಇಲ್ದಿದ್ರೆ ಕಾರು ಎತ್ತಿನಗಾಡಿ. ಅಮ್ಮ ಹಿಡೀಬೇಕು, ಇಲ್ದಿದ್ರೆ ಮಗು ಕುಣೀತಾನೇ ಇರುತ್ತೆ."

ಆಗ ಅರ್ಥವಾಗಿರಲಿಲ್ಲ. ಈಗ ಸಂಜೆಯ ಹೊತ್ತಿಗೆ ನನ್ನ ಕೈಯ ಶಾಕ್ ಎಷ್ಟು ಸುಸ್ತಾಗಿರುತ್ತದೆ ಎಂದು ನನಗೆ ಮಾತ್ರ ಗೊತ್ತು.

ಹೋದ ವರ್ಷ ಅಪ್ಪನ ಕಣ್ಣು ಮಂಜಾಯಿತು. ಕೀಲಿಯನ್ನು ನನ್ನ ಕೈಗೆ ಕೊಟ್ಟು, "ಯಾರ್ಯಾರ ಕೈಗೋ ಕೊಡ್ಬೇಡ. ಮಾಮನ ಹತ್ರಾನೇ ತೊಗೊಂಡು ಹೋಗು" ಅಂದರು. ಕಾರು ನನ್ನ ಮದುವೆಗಿಂತ ಹಳೆಯದು. ಬಾಗಿಲು ಹಾಕಿದರೆ ಇಂದಿಗೂ ಅದೇ ಸದ್ದು. ಕಿಟಕಿಯ ಅಂಚಿನಲ್ಲಿ ತಮ್ಮ ಕೆರೆದ ಗೆರೆ ಹಾಗೆಯೇ ಇದೆ. ಆದರೆ ಹಂಪ್ ಹತ್ತಿಳಿದ ಮೇಲೆ ಕಾರು ದೋಣಿಯ ಹಾಗೆ ಏಳುತ್ತ ಬೀಳುತ್ತ ಹೋಗುತ್ತಿತ್ತು. ಮಗಳು ಮೊದಲ ತಿರುವಿನಲ್ಲಿ ಸುಮ್ಮನಾಗುತ್ತಿದ್ದಳು, ಎರಡನೆಯದರಲ್ಲಿ ಬಿಳಿಚಿಕೊಳ್ಳುತ್ತಿದ್ದಳು, ಮೂರನೆಯದಕ್ಕೆ ನಾನು ಪ್ಲಾಸ್ಟಿಕ್ ಚೀಲ ಬಿಚ್ಚಿ ಹಿಡಿಯುತ್ತಿದ್ದೆ. ಬಾಣಂತನದ ನಂತರ ನನ್ನ ಸೊಂಟವೂ ಮೊದಲಿನಂತಿಲ್ಲ.

ನನ್ನ ಗಂಡ ಮೂರು ರಾತ್ರಿ ಫೋನಿನಲ್ಲಿ ವಿಡಿಯೋ ನೋಡಿ ಪಂಡಿತರಾದರು. ಭಾನುವಾರ ಗ್ಯಾರೇಜಿಗೆ ಹೋದಾಗ ಫೋನನ್ನು ಮಾಮನ ಮೂಗಿನ ಹತ್ತಿರ ಹಿಡಿದರು.

"ಮಾಮ, ಈ ಸೆಟ್ ನೋಡಿ. ಕೆಂಪು ಸ್ಪ್ರಿಂಗು. ಕಾರು ಎರಡು ಇಂಚು ಕೆಳಗೆ ಬರುತ್ತೆ."

"ಬರುತ್ತೆ. ಹಂಪ್ ಸಿಕ್ಕಾಗ ನೀನು ಇಳಿದು ಅದರ ಹೊಟ್ಟೆ ಎತ್ತಿ ಹಿಡ್ಕೋತೀಯಾ?"

"ನೋಡೋಕೆ ಚೆನ್ನಾಗಿರುತ್ತಲ್ಲ ಮಾಮ."

"ನೋಡೋರು ರಸ್ತೆ ಪಕ್ಕದಲ್ಲಿರ್ತಾರೆ. ಒಳಗೆ ಯಾರ್ಯಾರು ಎಲ್ಲೆಲ್ಲಿ ಕೂತ್ಕೋತೀರಿ, ಅದು ಹೇಳು."

ಹಿಂದೆ ಮಗಳು, ಅವಳ ಪಕ್ಕದಲ್ಲಿ ಹೆಚ್ಚಾಗಿ ನಾನು. ಮಾಮ ಕಾರಿನಡಿ ಹೋಗಿ, ಟಾರ್ಚ್ ಹಿಡಿದು, ಕಬ್ಬಿಣದ ಕೀಲುಗಳ ನಡುವಿನ ಸವೆದ ರಬ್ಬರ್ ಬುಷ್ಷುಗಳನ್ನು ಒಂದೊಂದಾಗಿ ತೋರಿಸಿದರು. ಮುಟ್ಟಿದರೆ ಬಿಸ್ಕತ್ತಿನಂತೆ ಉದುರುತ್ತಿದ್ದವು. "ಮೊದ್ಲು ರಬ್ಬರು, ಆಮೇಲೆ ಶಾಕು, ಕೊನೇಗೆ ಸ್ಪ್ರಿಂಗು. ರಬ್ಬರ್ ಸತ್ತಿರೋವಾಗ ಶಾಕ್ ಹಾಕೋದು ಹಲ್ಲುನೋವಿಗೆ ಲಿಪ್‌ಸ್ಟಿಕ್ ಹಚ್ಚಿದ ಹಾಗೆ." ಗಂಡ ಫೋನನ್ನು ಜೇಬಿಗೆ ಇಳಿಸಿದರು.

ಶಾಕ್ ಆಯ್ಕೆ ಸುಲಭವಾಗಲಿಲ್ಲ. ಕಂಪನಿಯದೇ ಥರದ ಎಣ್ಣೆ ಶಾಕ್ ಇತ್ತು, ಮೆತ್ತಗೆ. ಗ್ಯಾಸ್ ಶಾಕ್ ಇತ್ತು, ತುಸು ಗಟ್ಟಿ. ಅದಕ್ಕೆ ಜೋಡಿಯಾಗಿ ಒಂದು ಸ್ವಲ್ಪ ಬಿಗಿ ಸ್ಪ್ರಿಂಗೂ ಇತ್ತು. ನಾನು ಎಣ್ಣೆಯ ಕಡೆ ಕೈ ತೋರಿಸಿದೆ. ಮಾಮ ತಲೆಯಾಡಿಸಿದರು.

"ಮೆತ್ತಗಿದ್ರೆ ಮತ್ತೆ ದೋಣಿನೇ. ನಮ್ಮ ಕಾರ್ ಥರ ಮಾಡಿಕೊಡ್ತೀನಿ, ಅದಕ್ಕಿಂತ ಒಂದು ಚೂರು ಮೆತ್ತಗೆ. ಸಾಲದಾ?"

ಇದು ಮಾಮನ ಅಳತೆಕೋಲು. ಗ್ಯಾರೇಜಿನ ಪಕ್ಕದ ಸಂದಿಯಲ್ಲಿ ಅವರ ಬೂದು ಬಣ್ಣದ ಚಿಕ್ಕ ಕಾರು ನಿಂತಿರುತ್ತದೆ, ನಮ್ಮದರಷ್ಟೇ ಹಳೆಯದು. ಮದುವೆಯಾದ ಹೊಸತರಲ್ಲಿ ಆಸೆಪಟ್ಟು ಅದಕ್ಕೆ ರೇಸಿನ ಸೆಟ್ ಹಾಕಿದ್ದರು, ಗಿಡ್ಡ ಸ್ಪ್ರಿಂಗ್, ಗಟ್ಟಿ ಶಾಕ್. ಸವೆದಾಗಲೆಲ್ಲ ಹುಡುಕಿ ತಂದು ಅದೇ ಥರದ್ದನ್ನು ಹಾಕುತ್ತ ಬಂದಿದ್ದಾರೆ. ಯಾರಾದರೂ ಕಾರು ಗಟ್ಟಿಯಾಯಿತು ಎಂದರೆ ಆ ಕಡೆ ಬೆರಳು ತೋರಿಸಿ ಅನ್ನುತ್ತಿದ್ದರು, "ಅದರಲ್ಲಿ ನಮ್ಮವಳು ಇಷ್ಟು ವರ್ಷ ಕೂತಿದ್ದಾಳೆ. ಒಂದು ದಿನ ಒಂದು ಮಾತು ಆಡಿಲ್ಲ." ಗಿರಾಕಿ ಕೀಲಿ ತೆಗೆದುಕೊಂಡು ಹೊರಡುತ್ತಿದ್ದ.

ಆ ಭಾನುವಾರ ಮಾತ್ರ ಅಷ್ಟಕ್ಕೇ ಮಾತು ಮುಗಿಸಲಿಲ್ಲ. ಪಾನ ಒರೆಸುತ್ತ, "ಈಗ ಕೂರ್ತಾ ಇಲ್ಲ ಬಿಡು" ಅಂದರು.

ಹಿಂದಿನ ಮಳೆಗಾಲದಲ್ಲಿ ಅತ್ತೆ ಆ ಕಬ್ಬಿಣದ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಒಳಗೆ ರಾಡ್ ಹಾಕಿದ್ದಾರೆ. ಕೋಲು ಹಿಡಿದು ಮನೆಯಲ್ಲಿ ಓಡಾಡುತ್ತಾರೆ, ಮೆಲ್ಲಗೆ ಕೆಳಗೂ ಇಳಿಯುತ್ತಾರೆ. ಆದರೆ ಕಾರಿಗೆ ಹತ್ತುವುದಿಲ್ಲ. ಗುಡ್ಡದ ಆಚೆಯ ಊರಿನಲ್ಲಿ ಅವರ ಅಕ್ಕ ಹಾಸಿಗೆ ಹಿಡಿದಿದ್ದಾರೆ. ದಿನಾ ಬೆಳಿಗ್ಗೆ ಫೋನು, ಯಾವಾಗ ಬರ್ತೀಯ ಎಂದು. ಅತ್ತೆ ಒಂದು ದಿನ ಚಳಿ ಹೋಗಲಿ ಅನ್ನುತ್ತಾರೆ, ಇನ್ನೊಂದು ದಿನ ಬಿಸಿಲು ಇಳಿಯಲಿ ಅನ್ನುತ್ತಾರೆ. ಬಸ್ಸಂತೂ ಅವರ ಸೊಂಟಕ್ಕೆ ಆಗುವ ಮಾತಲ್ಲ. ಮೊದಲೆಲ್ಲ ತಿಂಗಳಿಗೊಮ್ಮೆ ಗಂಡ ಹೆಂಡತಿ ಅದೇ ಕಾರಿನಲ್ಲಿ, ಅದೇ ಗುಡ್ಡ ಹತ್ತಿ ಹೋಗಿಬರುತ್ತಿದ್ದವರು.

"ಡಾಕ್ಟರು ಹೋಗ್ಬಹುದು ಅಂದಿದ್ದಾರೆ" ಅಂದರು ಮಾಮ. "ಅಕ್ಕನ್ನ ನೋಡದೆ ಇರೋಳಲ್ಲ ಇವಳು. ನನ್ನ ಜೊತೆ ಹೋಗೋದೇ ಬೇಡವಾಯ್ತೋ ಏನೋ. ಕೇಳಿದ್ರೆ, ಹಾಗೇನಿಲ್ಲ ರೀ ಅಂತಾಳೆ. ಆ ಅಕ್ಕನೂ ಎಷ್ಟು ದಿನ ಕಾಯ್ತಾರೆ ಹೇಳು." ಆಮೇಲೆ ಕಾರಿನಡಿ ಹೋಗಿಬಿಟ್ಟರು. ಮುಖ ತೋರಿಸಲು ಇಷ್ಟವಿಲ್ಲದಾಗ ಅವರಿಗೆ ಅದೊಂದು ಅನುಕೂಲ.

ಹೊಸ ರಬ್ಬರು, ಗ್ಯಾಸ್ ಶಾಕು, ಬಿಗಿ ಸ್ಪ್ರಿಂಗು ಹಾಕಿಸಿಕೊಂಡು ನಮ್ಮ ಕಾರು ತಯಾರಾಯಿತು. ದೋಣಿ ಹೋಗಿ ನೆಟ್ಟಗೆ ನಿಂತಿತು, ತಿರುವಿನಲ್ಲಿ ವಾಲುವುದೂ ನಿಂತಿತು. ಗಂಡ ಎರಡು ದಿನ ಸುಮ್ಮಸುಮ್ಮನೆ ಹಾಲು ತರಲು ಕಾರಿನಲ್ಲಿ ಹೋದರು. ಆದರೆ ಹಿಂದೆ ಕೂತ ನನಗೆ ರಸ್ತೆಯ ಪ್ರತಿಯೊಂದು ಕಲ್ಲಿನ ಪರಿಚಯವಾಯಿತು. ಮಗಳು ಮೂರನೆಯ ತಿರುವಿನ ಬದಲು ಮೂರನೆಯ ಹಂಪಿಗೆ ವಾಂತಿ ಮಾಡಿದಳು, ಅಷ್ಟೇ ವ್ಯತ್ಯಾಸ. ಆ ವಾರ ನಾನೊಬ್ಬಳೇ ಅವಳನ್ನು ಕರೆದುಕೊಂಡು ಗ್ಯಾರೇಜಿಗೆ ಹೋದೆ.

"ಮಾಮ, ಹೇಳ್ಬಾರ್ದು ಅನ್ನಿಸುತ್ತೆ. ಆದ್ರೂ ಹೇಳ್ತೀನಿ. ಹಿಂದೆ ಕೂರೋಕೆ ಆಗಲ್ಲ. ಎತ್ತಿ ಕುಕ್ಕುತ್ತೆ."

ಮಾಮನಿಗೆ ಸಿಟ್ಟು ಬರಲಿಲ್ಲ. ಕೈ ಒರೆಸಿಕೊಂಡು ಬಂದು ಮಗಳ ಪಕ್ಕ ಕೂತರು. ನಾನು ಓಡಿಸಿದೆ. ರೈಲ್ವೆ ಗೇಟಿನ ರಸ್ತೆ, ತೇಪೆ, ಹಂಪು, ಕಲ್ಲುಹಾಸು. ಕಣ್ಣು ಮುಚ್ಚಿದ್ದರು. ಮಗಳ ಪ್ರಶ್ನೆ ಹುಟ್ಟಿದ್ದು ಆ ದಿನವೇ ಇರಬೇಕು. ಅವಳು ಇಡೀ ದಾರಿ ಅವರ ಮುಖವನ್ನೇ ನೋಡುತ್ತಿದ್ದಳು.

"ನನಗೂ ಒಂಚೂರು ತಟ್ಟುತ್ತೆ" ಅಂದರು ಮಾಮ. "ಮೊದ್ಲಿಂದಾನೂ ತಟ್ಟುತ್ತೆ, ಯಾರ ಕಾರಲ್ಲಾದ್ರೂ. ನನ್ನ ಬೆನ್ನೇ ಸರಿ ಇಲ್ಲ ಅಂದ್ಕೊಂಡಿದ್ದೀನಿ. ಯಾಕಂದ್ರೆ ಇದಕ್ಕಿಂತ ಗಟ್ಟಿ ಇರೋದ್ರಲ್ಲಿ ನಮ್ಮವಳು ಆರಾಮಾಗಿ ಕೂತಿದ್ಲಲ್ಲ."

"ಮಾಮ, ನೀವು ನಿಮ್ಮ ಕಾರಿನ ಹಿಂದಿನ ಸೀಟಲ್ಲಿ ಕೂತು ನೋಡಿದ್ದೀರಾ?"

ಕೇಳಬೇಕೆಂದು ಯೋಚಿಸಿ ಕೇಳಿದ್ದಲ್ಲ, ಬಾಯಿಗೆ ಬಂತು. ಮಾಮ ಕಣ್ಣು ತೆರೆದರು.

ಕೂತಿರಲಿಲ್ಲ. ಊರವರ ಕಾರುಗಳಲ್ಲೆಲ್ಲ ಹಿಂದೆ ಕೂತವರು ಸ್ವಂತ ಕಾರಿನಲ್ಲಿ ಯಾವತ್ತೂ ಸ್ಟೀರಿಂಗ್ ಬಿಟ್ಟಿರಲಿಲ್ಲ. ಮುಂದಿನ ಇನ್ನೊಂದು ಸೀಟಿನಲ್ಲಿ ಮೊದಲ ದಿನದಿಂದ ಜಾಕಿ ಮತ್ತು ಪಾನದ ಪೆಟ್ಟಿಗೆ. ಜಾಕಿ ಮುಂದೆ, ಹೆಂಡತಿ ಹಿಂದೆ ಎಂದು ಅತ್ತೆ ಎಷ್ಟೋ ಸಲ ತಮಾಷೆ ಮಾಡಿದ್ದು ನನಗೆ ನೆನಪಿದೆ.

ಮಗಳನ್ನು ಮೇಲೆ ಅತ್ತೆಯ ಹತ್ತಿರ ಬಿಟ್ಟುಬಂದೆ. ಬೂದು ಕಾರಿನ ಕೀಲಿ ನನ್ನ ಕೈಗೆ ಬಂತು. ಮಾಮ ಹಿಂದಿನ ಬಾಗಿಲು ತೆರೆದರು. ಎಡಗಡೆ ಸೀಟಿನ ಮೇಲೆ ಹೂವಿನ ಬಟ್ಟೆಯ ಒಂದು ದಪ್ಪ ದಿಂಬು, ಅದರ ಮೇಲೆ ಇನ್ನೊಂದು.

"ನಮ್ಮವಳು ಕುಳ್ಳಿ ಅಲ್ವಾ" ಅಂದರು. "ರಸ್ತೆ ಕಾಣಲ್ಲ ಅಂತ ಇಟ್ಕೊಂಡಿದ್ದಾಳೆ. ವಯಸ್ಸಾಗ್ತಾ ಇನ್ನೂ ಕುಗ್ಗಿದ್ಲೇನೋ, ಎರಡನೇದು ನಾನೇ ಹೊಲಿಸಿಕೊಟ್ಟೆ." ಎರಡನ್ನೂ ಪಕ್ಕಕ್ಕೆ ಸರಿಸಿ ಬರೀ ಸೀಟಿನ ಮೇಲೆ ಕೂತರು.

ಮೊದಲ ತೇಪೆಯಲ್ಲೇ ಕನ್ನಡಿಯೊಳಗೆ ಅವರ ತಲೆ ಮೇಲೆ ಹೋಗಿ ಕೆಳಗೆ ಬಂತು. ಹಿಂದಿನ ಸೀಟು ಸರಿಯಾಗಿ ಚಕ್ರದ ನೆತ್ತಿಯ ಮೇಲಿದೆ. ಮುಂದೆ ನನಗೆ ಬರೀ ತಟ್ಟಿದ್ದು ಅಲ್ಲಿ ಗುದ್ದುತ್ತಿತ್ತು. ಹಂಪಿನಿಂದ ಇಳಿಯುವಾಗ ಕೆಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂತು. ಮಾಮನ ಕೈ ತಾನಾಗಿ ಬಾಗಿಲ ಮೇಲಿನ ಹಿಡಿಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಅವರು ತಿರುಗಿ ಆ ಹಿಡಿಯನ್ನೇ ನೋಡತೊಡಗಿದರು. ಆಮೇಲೆ ಬಗ್ಗಿ ಬಲಗಡೆಯ ಹಿಡಿಯನ್ನು ಮುಟ್ಟಿದರು. ಬಲಗಡೆಯದು ಹೊಸದರಂತೆ ತರಿತರಿಯಾಗಿತ್ತು. ಎಡಗಡೆಯದು ಸವೆದು ನುಣ್ಣಗೆ, ಗಾಜಿನಂತಾಗಿತ್ತು.

"ಗಾಡಿ ತಿರುಗಿಸು" ಅಂದರು.

ಗ್ಯಾರೇಜಿನಲ್ಲಿ ನಿಲ್ಲಿಸಿದ ಮೇಲೂ ಮಾಮ ಇಳಿಯಲಿಲ್ಲ. ಪಕ್ಕಕ್ಕೆ ಸರಿಸಿದ್ದ ದಿಂಬನ್ನು ತೊಡೆಯ ಮೇಲೆ ಎಳೆದುಕೊಂಡರು. 

"ರಸ್ತೆ ನೋಡೋಕಲ್ಲ ಪುಟ್ಟಿ ಈ ದಿಂಬು."

"ಹ್ಞೂಂ ಮಾಮ."

"ಅಂದ್ರೆ ನನ್ನ ಬೆನ್ನು ನಿಜ ಹೇಳ್ತಿತ್ತು. ನಾನು ಅದನ್ನ ನಂಬದೆ ಇವಳ ಬಾಯಿ ನಂಬಿದೆ. ಊರಲ್ಲಿರೋ ಅರ್ಧ ಸೊಂಟನೋವು ನನ್ನ ತಲೆಗೇ ಬರುತ್ತೆ ಹಾಗಾದ್ರೆ." ನಗಲು ನೋಡಿದರು, ಆಗಲಿಲ್ಲ. "ನನ್ನ ಜೊತೆ ಬರೋದು ಬೇಡ ಅಂತಲ್ಲ. ಈ ಸೀಟಲ್ಲಿ ಕೂರೋದು ಬೇಡ. ಅಲ್ವಾ?"

ಮೇಲಿನಿಂದ ಚಮಚದ ಸದ್ದಾಯಿತು. ಮಾಮ ಏಳುವ ಲಕ್ಷಣವಿರಲಿಲ್ಲ. ನಾನೇ ಮೆಟ್ಟಿಲು ಹತ್ತಿದೆ.

ಅತ್ತೆ ಕಿಟಕಿಯ ಹತ್ತಿರ ಕೋಲಿಗೆ ಒರಗಿ ನಿಂತಿದ್ದರು. ಮಗಳು ನೆಲದಲ್ಲಿ ಡಬ್ಬಗಳ ಮುಚ್ಚಳ ಜೋಡಿಸುತ್ತಿದ್ದಳು. ಅತ್ತೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು, "ಇವರು ಹಿಂದೆ ಕೂತಿದ್ರಾ?"

"ಹ್ಞೂಂ ಅತ್ತೆ."

"ದಿಂಬು?"

"ಪಕ್ಕಕ್ಕಿಟ್ರು."

ಅತ್ತೆ ಕುರ್ಚಿಯ ಮೇಲೆ ಕೂತುಬಿಟ್ಟರು. ಟೀ ಸೋಸುವ ಕೆಲಸ ನನಗೆ ಬಂತು. ನಾನು ಸೋಸುತ್ತಿದ್ದೆ, ಅವರು ಹೇಳುತ್ತಿದ್ದರು.

"ಮದುವೆಯಾಗಿ ಇನ್ನೂ ಸೀರೆಗಳ ಮಡಿಕೆ ಬಿಚ್ಚಿರಲಿಲ್ಲ ಕಣೇ. ತಿಂಗಳುಗಟ್ಟಲೆ ಬೇರೆಯವರ ಗ್ಯಾರೇಜಲ್ಲಿ ಮೈ ಮುರಿದು ದುಡಿದು ಆ ಸೆಟ್ ತಂದ್ರು. ಹಾಕಿದ್ದೇ ತಡ, ಕೈ ತೊಳ್ಕೊಂಡು, ತಲೆ ಬಾಚ್ಕೊಂಡು, ಬಾ ಒಂದು ರೌಂಡ್ ಹೋಗೋಣ ಅಂದ್ರು. ಹೋದ್ವಿ. ನನಗೆ ಒಂದೊಂದು ಮೂಳೆನೂ ಬೇರೆ ಬೇರೆ ಆದ ಹಾಗಾಯ್ತು. ಆಗ ಆ ಕನ್ನಡಿಯಲ್ಲಿ ನನ್ನ ನೋಡಿ, ಹೇಗಿದೆ ಅಂತ ಕೇಳಿದ್ರು. ಆ ಮುಖ ನೋಡ್ಬೇಕಿತ್ತು ನೀನು. ಬಹುಮಾನ ಬಂದ ಮಗುವಿನ ಹಾಗಿತ್ತು. ಯಾರಿಗೆ ತಾನೇ ಬಾಯಿ ಬರುತ್ತೆ? ತೇಲ್ಕೊಂಡು ಬಂದ ಹಾಗಿದೆ ರೀ ಅಂದೆ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ ಅತ್ತೆ."

"ಯಾವಾಗ ಹೇಳ್ಲಿ? ಮಾರನೇ ದಿನಾನೇ ಗಿರಾಕಿಗಳ ಹತ್ರ, ನಮ್ಮವಳಿಗೆ ತೇಲಿದ ಹಾಗಾಯ್ತಂತೆ ಅಂತ ಹೇಳ್ತಾ ನಿಂತಿದ್ರು. ಆಮೇಲೆ ಅದು ನನ್ನ ಬಾಯಿಂದ ವಾಪಸ್ ಬರಲೇ ಇಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಈಗ ರಾಡ್ ಇರೋ ಸೊಂಟ. ಮೊದಲಿನ ಹಾಗೆ ಹಲ್ಲು ಕಚ್ಚಿ ಕೂರೋಕಾಗಲ್ಲ. ಅಕ್ಕನ ಫೋನು ಬಂದ್ರೆ ಕರುಳು ಕಿತ್ತು ಬರುತ್ತೆ. ಆದ್ರೆ ಈಗ ಹೇಳಿದ್ರೆ, ನಾವಿಬ್ರೂ ಹೋದ ದಾರಿಗಳೆಲ್ಲ ಸುಳ್ಳು ಅಂದ ಹಾಗಾಗಲ್ವಾ? ಗುಡ್ಡದ ಮೇಲೆ ನಿಲ್ಲಿಸಿ ಕಡಲೆಕಾಯಿ ತಿಂದಿದ್ದು, ದಾರಿ ತಪ್ಪಿ ಯಾರದೋ ತೋಟಕ್ಕೆ ನುಗ್ಗಿದ್ದು, ಇವರು ದಾರಿಯುದ್ದಕ್ಕೂ ಬೇಸೂರಲ್ಲಿ ಹಾಡಿದ್ದು. ಬೆನ್ನುನೋವೂ ನಿಜ ಕಣೇ, ಖುಷಿಯೂ ನಿಜ. ಇವರಿಗೆ ಅದು ಅರ್ಥ ಆಗಲ್ಲ, ಬರೀ ನೋವು ಹಿಡ್ಕೊಂಡು ಕೂತ್ಕೋತಾರೆ. ನೀನು ಏನೂ ಹೇಳ್ಬೇಡ."

ನಾನು ಹೇಳಲಿಲ್ಲ. ಹೇಳುವುದು ಏನೂ ಉಳಿದಿರಲೂ ಇಲ್ಲ. ಟೀ ಲೋಟ ಹಿಡಿದು ಕೆಳಗಿಳಿದಾಗ ಮಾಮ ಆಗಲೇ ಬೂದು ಕಾರಿನ ಹಿಂದಿನ ಚಕ್ರ ಬಿಚ್ಚುತ್ತಿದ್ದರು.

ಆ ವಾರ ನಮ್ಮ ಕಾರಿಗೆ ಕಂಪನಿ ಥರದ ಸ್ಪ್ರಿಂಗ್ ವಾಪಸ್ ಬಂತು, ಅದಕ್ಕೆ ಹೊಂದುವ ಎಣ್ಣೆ ಶಾಕ್ ಬಂತು. ರಬ್ಬರುಗಳೆಲ್ಲ ಹೊಸದಾಗಿರುವುದರಿಂದ ಮಾಮ ಹೆದರಿದ ದೋಣಿ ಮರಳಿ ಬರಲಿಲ್ಲ. ಮಗಳು ಈಗ ಹಿಂದೆ ಕೂತು ಹಾಡು ಹೇಳುತ್ತಾಳೆ, ಚೀಲ ಮಡಚಿದಲ್ಲೇ ಇರುತ್ತದೆ. ಗಂಡ ಮಾತ್ರ ಹಾಲಿಗೆ ನಡೆದುಕೊಂಡು ಹೋಗತೊಡಗಿದ್ದಾರೆ.

ಬೂದು ಕಾರಿಗೆ ಮಾಮ ಬೇರೆಯದೇ ಹುಡುಕಿದರು. ಎತ್ತರದ ಮೆತ್ತನೆ ಸ್ಪ್ರಿಂಗು, ಹಿಂದಕ್ಕೆ ನಾಬ್ ಇರುವ ಶಾಕು. ನಾಬ್ ತಿರುಗಿಸಿದರೆ ಬೇಕಾದಷ್ಟು ಮೆತ್ತಗೆ, ಬೇಕಾದಷ್ಟು ಬಿಗಿ. ಮುಂದಿನ ಸೀಟಿನಿಂದ ಜಾಕಿಯೂ ಇಳಿಯಿತು. ಆದರೆ ಅತ್ತೆಗೆ ಹಿಂದೆಯೇ ಕಾಲು ಚಾಚಿ ಕೂರುವುದು ಸುಲಭ ಎಂದು ಡಾಕ್ಟರು ಹೇಳಿದ್ದಾರಂತೆ.

ನಿನ್ನೆ ಸಂಜೆ ಮಾಮ ನಮ್ಮ ಮನೆಗೆ ಬಂದರು. ಅವರು ಮನೆಗೆ ಬರುವುದು ಅಪರೂಪ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು, ನೀರು ಕುಡಿದರು, ಮಗಳ ಕಾಲಿಗೆ ಚಪ್ಪಲಿ ತೊಡಿಸಿ ಬಿಚ್ಚಿ ಮತ್ತೆ ತೊಡಿಸಿದರು. ವಿಷಯಕ್ಕೆ ಬರುತ್ತಿರಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಅತ್ತೆ ಕೂತು ನೋಡಿದ್ರಾ ಮಾಮ?"

"ನೋಡಿದ್ಲು. ಕೈ ಹಿಡಿದು ಇಳಿಸಿಕೊಂಡು ಬಂದೆ. ಓಣಿಯಲ್ಲೇ ಒಂದು ರೌಂಡ್. ಹೇಗಿದೆ ಅಂದೆ. ಚೆನ್ನಾಗಿದೆ ಅಂದ್ಲು. ಬೇಕು ಅಂತಲೇ ನಾಬನ್ನ ಪೂರ್ತಿ ಬಿಗಿ ಮಾಡಿ ಇನ್ನೊಂದು ರೌಂಡ್ ಹೋದೆ. ಚೆನ್ನಾಗಿದೆ ಅಂದ್ಲು. ಪೂರ್ತಿ ಸಡಿಲ ಮಾಡಿದೆ. ತೊಟ್ಟಿಲ ಹಾಗೆ ತೂಗಾಡ್ತಿತ್ತು ಕಾರು, ನನಗೇ ತಲೆ ಸುತ್ತಿತು. ಅದಕ್ಕೂ ಚೆನ್ನಾಗಿದೆ ರೀ ಅಂದ್ಲು." ಮಾಮ ಹಣೆ ಉಜ್ಜಿಕೊಂಡರು. "ಬಿಗಿ ಆದ್ರೆ ಸೊಂಟಕ್ಕೆ ಗುದ್ದುತ್ತೆ. ಸಡಿಲ ಆದ್ರೆ ಗುಡ್ಡದ ತಿರುವಲ್ಲಿ ಆ ಕಡೆ ಈ ಕಡೆ ವಾಲಿ ರಾಡ್ ಎಳೆಯುತ್ತೆ. ನಡುವೆ ಎಲ್ಲೋ ಒಂದು ಕಡೆ ಅವಳಿಗೆ ಸರಿಹೋಗೋದು ಇದೆ. ಎಲ್ಲಿ ಅಂತ ನನ್ನ ಬೆನ್ನಿಗೆ ಗೊತ್ತಾಗಲ್ಲ ಮಗಳೇ. ಅದು ಅವಳ ಸೊಂಟ."

"ನಿಜ ಹೇಳು ಅಂತ ಕೇಳ್ಬೇಕಿತ್ತು."

"ಕೇಳಿದೆ. ನಿಜವಾಗ್ಲೂ ಚೆನ್ನಾಗಿದೆ ಅಂದ್ಲು." ಈಗ ಮಾಮನಿಗೆ ನಗು ಬಂತು, ಬೇಗ ನಿಂತಿತು. "ಇವತ್ತು ಬೆಳಿಗ್ಗೆ ಅವಳ ಅಕ್ಕನ ಫೋನು ನಾನೇ ಎತ್ತಿದೆ. ದನಿ ತುಂಬ ಸಣ್ಣದಾಗಿಬಿಟ್ಟಿದೆ."

ಜೇಬಿನಿಂದ ಬೂದು ಕಾರಿನ ಕೀಲಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಅದರ ಮೇಲೆಯೇ ಕೈ ಇಟ್ಟುಕೊಂಡಿದ್ದರು.

"ನಾಳೆ ಸಂಜೆ ನೀನು ಅವಳನ್ನ ಕರ್ಕೊಂಡು ಹೋಗು. ಅಕ್ಕನ ಊರಿನ ದಾರಿಯಲ್ಲಿ, ಗುಡ್ಡದ ಅರ್ಧದ ತನಕ ಹೋಗಿ ಬಾ. ಅಲ್ಲಲ್ಲಿ ನಿಲ್ಲಿಸಿ ನಾಬ್ ತಿರುಗಿಸು, ಹೇಗೆ ಅಂತ ತೋರಿಸಿಕೊಡ್ತೀನಿ. ನಾನು ಬರಲ್ಲ. ನಾನಿರೋ ಕಾರಲ್ಲಿ ಅವಳ ಬಾಯಲ್ಲಿ ಬೇರೆ ಮಾತು ಬರಲ್ಲ, ಅದು ಅಭ್ಯಾಸ ಆಗಿಹೋಗಿದೆ. ನಿನ್ನ ಹತ್ರ ನಿಜ ಹೇಳ್ತಾಳೆ. ನನ್ನನ್ನ ಬೈದ್ರೂ ಬೈತಾಳೆ. ಅಷ್ಟು ವರ್ಷದ್ದು ಒಟ್ಟಿಗೇ ಬಂದ್ರೂ ಬರ್ಲಿ, ತಡೀಬೇಡ. ಬೈಗುಳ ಸಮೇತ ತೊಗೊಂಡು ಬಂದು ನನಗೆ ಹೇಳು. ಮಾಮನಿಗೆ ನೋವಾಗುತ್ತೆ ಅಂತ ನಡುವೆ ನೀನು ಒಂದು ಮಾತೂ ಮೆತ್ತಗೆ ಮಾಡ್ಬೇಡ. ಇದೊಂದು ಮಾಡಿಕೊಡ್ತೀಯಾ ಪುಟ್ಟಿ?"